ಸ್ನೇರ್ ಡ್ರಮ್ ಬಾರಿಸಿದರೆ 'ಕೊಂಯ್' ಅನ್ನುತ್ತೆ, ಬಟ್ಟೆ ಹಾಕಿದರೆ ಸತ್ತೇ ಹೋಗುತ್ತೆ. ಏನು ಮಾಡಲಿ?

ಕೇಶ್ವಾಪುರ_ಡ್ರಮ್ಸ್:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕೇಶ್ವಾಪುರದಿಂದ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದೇನೆ. ಆರು ತಿಂಗಳ ಹಿಂದೆ ಒಂದು ಹಳೇ ಕಿಟ್ ಕೊಂಡೆ. 22 ಇಂಚಿನ ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್), 12, 13 ಮತ್ತು 16 ಇಂಚಿನ ಟಾಮ್ ಡ್ರಮ್, 14 ಇಂಚಿನ ಉಕ್ಕಿನ ಸ್ನೇರ್ (ಕೆಳಗಡೆ ತಂತಿ ಕಟ್ಟಿದ ಡ್ರಮ್). ಮನೆ ಹಿಂದೆ ಒಂದು ಕೋಣೆ ಇದೆ. 10 ಅಡಿ ಅಗಲ, 12 ಅಡಿ ಉದ್ದ, ಸಿಮೆಂಟ್ ಗೋಡೆ, ಮೇಲೆ ತಗಡು. ಅಲ್ಲೇ ನಮ್ಮ ಅಭ್ಯಾಸ.

ಸಮಸ್ಯೆ ಏನಂದರೆ, ಸ್ನೇರ್‌ಗೆ ಒಂದು ಏಟು ಹಾಕಿದರೆ 'ಟಕ್' ಅನ್ನುವುದರ ಹಿಂದೆಯೇ 'ಕೊಂಯ್ಯ್' ಅಂತ ಉದ್ದಕ್ಕೆ ಎಳೆಯುತ್ತೆ. ಸ್ಟೀಲ್ ತಾಟು ಕೆಳಗೆ ಬಿದ್ದ ಹಾಗೆ. 12 ಇಂಚಿನ ಟಾಮ್ ಮುಟ್ಟಿದರೆ ಸಾಕು, ಸ್ನೇರ್ ತಂತಿ ತಾನೇ ಗಿರಗುಟ್ಟುತ್ತೆ. ಕಿಕ್ ಅಂತೂ ಖಾಲಿ ಬ್ಯಾರೆಲ್.

ಮೊದಲು ಸ್ನೇರ್ ಮೇಲೆ ಸೆಲ್ಲೋಟೇಪ್ ಅಡ್ಡಡ್ಡ ಹಚ್ಚಿದೆ. ಸ್ವಲ್ಪ ಕಮ್ಮಿ ಆಯಿತು. ಇನ್ನೂ ಹಚ್ಚಿದೆ. ಆಮೇಲೆ ಕರ್ಚೀಫು ಮಡಚಿ ಇಟ್ಟೆ. ಈಗ ರಟ್ಟಿನ ಡಬ್ಬಿ ಬಡಿದ ಹಾಗೆ ಕೇಳುತ್ತೆ. ಗಿಟಾರ್ ಶುರುವಾದರೆ ನನ್ನ ಸ್ನೇರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಇನ್ನು ಹದಿನೈದು ದಿನಕ್ಕೆ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಮೊದಲ ಕಾರ್ಯಕ್ರಮ. ದನಿ ತಣಿಸಲು ಅಂಟಿಸುವ ಒಳ್ಳೆ ಜೆಲ್ ತುಂಡು ತರಿಸಿಕೊಳ್ಳಲೋ, ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿದ ಹಾಳೆ) ಬದಲಿಸಲೋ? ತಿಳಿದವರು ದಯವಿಟ್ಟು ಹೇಳಿ.

ಗದಗ_ರೆಕಾರ್ಡಿಂಗ್:

ಏನೂ ಕೊಳ್ಳಬೇಡಿ. ಮೊದಲು ಹಚ್ಚಿದ್ದನ್ನೆಲ್ಲ ತೆಗೆಯಿರಿ. ಟೇಪು, ಕರ್ಚೀಫು ಎಲ್ಲ. ಹೆಡ್ ಬರಿಮೈ ಆಗಲಿ.

ಗದಗಿನಲ್ಲಿ ನಾನು ಒಂದು ಸಣ್ಣ ರೆಕಾರ್ಡಿಂಗ್ ಕೋಣೆ ನಡೆಸುತ್ತೇನೆ. ಬರುವ ಡ್ರಮ್ಮರ್‌ಗಳಲ್ಲಿ ಹೆಚ್ಚಿನವರು ಬ್ಯಾಗಿನಿಂದ ಮೊದಲು ಟೇಪ್ ತೆಗೆಯುತ್ತಾರೆ, ಹೆಡ್ಡಿನ ಸುತ್ತಲಿನ ಬೋಲ್ಟ್ ತಿರುಗಿಸುವ ಕೀ ತೆಗೆಯುವುದಿಲ್ಲ. ಟೇಪ್ ಹಚ್ಚುವ ಮುಂಚೆ ಹೆಡ್ ತನ್ನೊಳಗೆ ತಾನು ಸಮ ಇದೆಯಾ ಅಂತ ನೋಡಲೇಬೇಕು. ಒಂದು ಬೋಲ್ಟ್ ಬಿಗಿ, ಪಕ್ಕದ್ದು ಸಡಿಲ ಅಂದರೆ ಒಂದೇ ಹೆಡ್ಡಿನಲ್ಲಿ ಎರಡು ಮೂರು ಸ್ವರ ಹೊರಡುತ್ತವೆ. ಅವು ಒಂದಕ್ಕೊಂದು ತಿಕ್ಕಾಡಿದಾಗ 'ವ್ವೊಂವ್ವೊಂ' ಅಂತ ಅಲೆ ಅಲೆಯಾಗಿ ಕೇಳುತ್ತೆ. ಅದನ್ನು ಟೇಪಿನಿಂದ ಮುಚ್ಚಲು ಹೋದರೆ ಒಳ್ಳೇ ದನಿಯೂ ಅದರ ಜೊತೆಗೇ ಹೋಗುತ್ತೆ.

ಹೀಗೆ ಮಾಡಿ. ಸ್ನೇರನ್ನು ಸ್ಟ್ಯಾಂಡಿನಿಂದ ಇಳಿಸಿ ಒಂದು ದಪ್ಪ ಚಾದರದ ಮೇಲೆ ಇಡಿ. ಕೆಳಗಿನ ಹೆಡ್ಡಿನ ಬಾಯಿ ಮುಚ್ಚಿದ ಹಾಗಾಗುತ್ತೆ, ಮೇಲಿನದ್ದು ಮಾತ್ರ ಕೇಳುತ್ತೆ. ತಂತಿ ಆಫ್ ಮಾಡಿ, ಅಂದರೆ ಹೆಡ್ಡಿಗೆ ತಾಗದ ಹಾಗೆ ಸಡಿಲ ಬಿಡಿ. ಎಲ್ಲ ಬೋಲ್ಟನ್ನೂ ಪೂರ್ತಿ ಸಡಿಲ ಮಾಡಿ, ಬೆರಳಿನಿಂದಲೇ ತಿರುಗಿಸಿ ಎಲ್ಲಿಗೆ ನಿಲ್ಲುತ್ತೋ ಅಲ್ಲಿಗೆ ಬಿಡಿ. ಆಮೇಲೆ ಕೀ ಹಿಡಿಯಿರಿ. ಒಂದಕ್ಕೆ ಅರ್ಧ ಸುತ್ತು, ಮುಂದಿನದ್ದು ಅದರ ಎದುರಿನದಕ್ಕೆ. ಪಕ್ಕದ್ದಕ್ಕೆ ಹೋಗಬೇಡಿ. ಕಾರಿನ ಗಾಲಿ ನಟ್ ಬಿಗಿ ಮಾಡುವುದಿಲ್ವಾ, ಹಾಗೇ. ಎರಡು ಮೂರು ಸುತ್ತು ಮುಗಿದ ಮೇಲೆ ಹೆಡ್ಡಿನ ನಡುವೆ ಒಂದು ಬೆರಳನ್ನು ಮೆಲ್ಲಗೆ ಇಟ್ಟು, ಪ್ರತಿ ಬೋಲ್ಟಿನ ಮುಂದೆ ಒಂದು ಇಂಚು ಒಳಗೆ ಕೋಲಿನ ತುದಿಯಿಂದ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಕೆಳಗೆ ಇರುವುದನ್ನು ಮೇಲೆ ತನ್ನಿ. ಮೇಲೆ ಇರುವುದನ್ನು ಇಳಿಸಬೇಕಾದರೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇಳಿಸಿ, ಮತ್ತೆ ಏರಿಸಿ.

ನಂತರ ತಿರುಗಿಸಿ ಕೆಳಗಿನದ್ದಕ್ಕೂ ಇದೇ. ಅದು ತುಂಬಾ ತೆಳು, ಸಾಮಾನ್ಯವಾಗಿ 3 ಮಿಲ್ ಅಷ್ಟೇ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ತಂತಿಯಿಂದ ದೂರ ಇರುವ ಕಡೆ ಮಾತ್ರ ಬೆರಳಿಂದ ತಟ್ಟಿ, ಕೋಲು ಬೇಡ.

ಇಷ್ಟು ಮಾಡಿ ಬಂದು ಹೇಳಿ. ಜೆಲ್ ವಿಷಯ ಆಮೇಲೆ.

ನವನಗರ_ಹೊಸಬ:

ನಾನೂ ಕಲಿಯುವವನೇ. ಒಂದು ಪ್ರಶ್ನೆ. ಗಿಟಾರ್ ತಂತಿ ಮೀಟಿದರೆ ಒಂದು ಸ್ವರ ಬರುತ್ತೆ, ಎಷ್ಟು ಹೊತ್ತು ಎಳೆದರೂ ಕಿವಿಗೆ ಹಿತ. ಡ್ರಮ್ ಎಳೆದರೆ ಮಾತ್ರ ಯಾಕೆ ಕಿರಿಕಿರಿ?

ಧಾರವಾಡ_ತಬಲಾ:

ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ತಬಲಾದಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ತಂತಿ ಕಂಪಿಸುವಾಗ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಸ್ವರಗಳೂ ಹೊರಡುತ್ತವೆ. ಲೆಕ್ಕ ಕೂಡುತ್ತೆ, ಅದಕ್ಕೇ ಕಿವಿಗೆ ಒಂದೇ ಸ್ವರ ಅನಿಸುತ್ತೆ. ದುಂಡಗೆ ಬಿಗಿದ ಹಾಳೆ ಹಾಗಲ್ಲ. ಮೂಲ ಸ್ವರವನ್ನು 1 ಅಂತ ಇಟ್ಟರೆ ಮುಂದಿನವು 1.59, 2.14, 2.30 ಹೀಗೆ ಬರುತ್ತವೆ. ಯಾವುದೂ ಯಾವುದಕ್ಕೂ ಕೂಡುವುದಿಲ್ಲ. ಆ ಕೂಡದ ಸ್ವರಗಳೇ ನಿಮ್ಮ 'ಕೊಂಯ್'.

ಈಗ ತಬಲಾ ನೋಡಿ. ನಡುವೆ ಕರಿ ಶಾಯಿ ಇದೆಯಲ್ಲ, ಅದು ಅಂದಕ್ಕೆ ಇಟ್ಟ ಬೊಟ್ಟಲ್ಲ. ಅದೊಂದು ತೂಕ. ಕಬ್ಬಿಣದ ಪುಡಿ ಮತ್ತು ಗಂಜಿ ಕಲಸಿ ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಕೂರಿಸುತ್ತಾರೆ. ಆ ತೂಕ ನಡುವೆ ಬಿದ್ದಾಗ ಕೂಡದ ಸ್ವರಗಳು ಸರಿದು ಹೆಚ್ಚುಕಮ್ಮಿ 1, 2, 3, 4, 5ರ ಲೆಕ್ಕಕ್ಕೆ ಬಂದು ಕೂರುತ್ತವೆ. ಇದನ್ನು ಮೊದಲು ವಿಜ್ಞಾನದ ಕಣ್ಣಿನಿಂದ ತೋರಿಸಿದವರು ಸಿ. ವಿ. ರಾಮನ್. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಣ್ಣ ಲೇಖನ ಬಂತು. 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಯಾವ ಭಾಗ ಅಲುಗುತ್ತೆ, ಯಾವುದು ಸುಮ್ಮನಿರುತ್ತೆ ಅಂತ ನೋಡಿದರು. ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಐದು ಸ್ವರಗಳಾಗುತ್ತವೆ ಅಂತ ತೋರಿಸಿದರು.

ಡ್ರಮ್ ಹೆಡ್ಡಿಗೆ ಶಾಯಿ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಹೇಳಬೇಕಾದ್ದು ಬೇರೆ. ಎಲ್ಲಿ ಮುಟ್ಟುತ್ತೀರಿ ಅನ್ನುವುದೇ ಎಲ್ಲ. ತಬಲಾದಲ್ಲಿ 'ನಾ' ನುಡಿಸುವಾಗ ಉಂಗುರದ ಬೆರಳು ಶಾಯಿಯ ಅಂಚಿಗೆ ಹಗುರಾಗಿ ತಾಗಿರುತ್ತೆ. ಕಿನಾರಿಗೆ, ಅಂದರೆ ಹೊರ ಅಂಚಿಗೆ, ಏಟು ಬಿದ್ದಾಗ ಆ ಬೆರಳು ಮೂಲ ಸ್ವರವನ್ನು ಏಳದ ಹಾಗೆ ತಡೆಯುತ್ತೆ, ಅದರ ಮೇಲಿನ ಸ್ವರವನ್ನು ಮಾತ್ರ ಬಿಡುತ್ತೆ. ಬೆರಳು ಒಂದು ಕೂದಲೆಳೆ ಒಳಗೆ ಹೋದರೆ, ಇಲ್ಲ ಸ್ವಲ್ಪ ಭಾರವಾದರೆ, 'ನಾ' ಹೋಗಿ 'ಟಪ್' ಆಗುತ್ತೆ. ಮಕ್ಕಳಿಗೆ ಕಲಿಸುವಾಗ ತಿಂಗಳುಗಟ್ಟಲೆ ಈ ಒಂದು ಬೆರಳಿನದ್ದೇ ಕೆಲಸ. ಬೆರಳು ತಾಗಿರಬೇಕು, ಅದುಮಬಾರದು.

ನಿಮ್ಮ ಹೆಡ್ಡಿಗೂ ಇದೇ ಮಾತು. ನಡುವೆ ಕರ್ಚೀಫು ಇಟ್ಟರೆ ನೀವು ಕೊಲ್ಲುವುದು ಮೂಲ ಸ್ವರವನ್ನು, ಅಂದರೆ ಡ್ರಮ್ಮಿನ ಮೈಯನ್ನೇ. ಕಿರಿಕಿರಿ ಮಾಡುವ ಮೇಲಿನ ಸ್ವರಗಳು ಅಂಚಿನ ಕಡೆ ಜಾಸ್ತಿ ಓಡಾಡುತ್ತವೆ. ಅಲ್ಲಿ ಒಂದು ಚೂರು ತೂಕ ಸಾಕು.

ಮೃದಂಗದ ಎಡಕ್ಕೆ ರವೆ ಕಲಸಿ ಹಚ್ಚುತ್ತಾರೆ, ಪಖಾವಜಿಗೆ ಗೋಧಿ ಹಿಟ್ಟು. ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ದಿನದ ಸಭೆಗೆ, ಆ ದಿನದ ಶ್ರುತಿಗೆ ತಕ್ಕಷ್ಟು ಮಾತ್ರ. ಪ್ಲಾಸ್ಟಿಕ್ ಜೆಲ್ ಬರುವ ಎಷ್ಟೋ ಕಾಲದ ಮೊದಲೇ ನಮ್ಮವರು ಈ ಲೆಕ್ಕ ಹಿಡಿದಿದ್ದರು ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತೆ.

ನವನಗರ_ಹೊಸಬ:

ಅಬ್ಬಾ, ಶಾಯಿ ಯಾಕಿದೆ ಅಂತ ಇವತ್ತು ಗೊತ್ತಾಯಿತು. ತುಂಬಾ ಥ್ಯಾಂಕ್ಸ್ ಸರ್.

ಹಾವೇರಿ_ಡೊಳ್ಳು:

ನಮ್ಮದು ಡೊಳ್ಳಿನ ತಂಡ. ಕಿಟ್ ಬಗ್ಗೆ ಜಾಸ್ತಿ ಗೊತ್ತಿಲ್ಲ, ಆದರೆ ತೊಗಲಿನ ಬಗ್ಗೆ ಎರಡು ಮಾತು.

ಡೊಳ್ಳಿಗೆ ನಾವು ಏನೂ ಹಚ್ಚುವುದಿಲ್ಲ. ಬಲಗೈಯಲ್ಲಿ ಕೋಲು, ಎಡಕ್ಕೆ ಬರಿಗೈ. ಆ ಎಡಗೈಯೇ ನಮ್ಮ ಟೇಪು, ನಮ್ಮ ಜೆಲ್, ಎಲ್ಲ. ಅಂಗೈ ಹೊಡೆದು ಎತ್ತಿದರೆ ಗುಂಯ್ ಅಂತ ಬಿಡುತ್ತೆ, ಹೊಡೆದು ಅಲ್ಲೇ ಒತ್ತಿದರೆ ಕಟ್ ಆಗುತ್ತೆ. ಹತ್ತು ಹನ್ನೆರಡು ಡೊಳ್ಳು ಸೇರಿದಾಗ ಎಲ್ಲರೂ ಒಂದೇ ಕ್ಷಣಕ್ಕೆ ಒತ್ತಬೇಕು. ಒಬ್ಬ ತಡ ಮಾಡಿದರೂ ಬಾಲ ಉಳಿಯುತ್ತೆ, ಎದುರಿಗೆ ನಿಂತವರಿಗೆ ಗೊತ್ತಾಗುತ್ತೆ.

ಇನ್ನೊಂದು. ತೊಗಲು ತಾನೇ ಸ್ವಲ್ಪ ದನಿ ಕುಡಿಯುತ್ತೆ. ಪ್ಲಾಸ್ಟಿಕ್ ಕುಡಿಯುವುದಿಲ್ಲ, ಅದಕ್ಕೇ ನಿಮಗೆ ಕೊಂಯ್ ಜಾಸ್ತಿ. ಆದರೆ ತೊಗಲಿಗೆ ಹವೆಯ ಕಾಟ. ಹೋಳಿ ಹೊತ್ತಿಗೆ ನೋಡಿರುತ್ತೀರಲ್ಲ, ಹುಡುಗರು ರಸ್ತೆ ಬದಿ ಹುಲ್ಲು, ರಟ್ಟು ಸುಟ್ಟು ಹಲಗೆ ಕಾಸುತ್ತಾರೆ. ಬಿಸಿಗೆ ತೇವ ಹೋಗಿ ತೊಗಲು ಬಿಗಿಯುತ್ತೆ, 'ಟಣ್' ಅಂತ ಎದ್ದು ಬರುತ್ತೆ. ಮಳೆಗಾಲದಲ್ಲಿ ಅದೇ ಹಲಗೆ ಒದ್ದೆ ಗೋಣಿಚೀಲ. ಹುಬ್ಬಳ್ಳಿ ಕಡೆಯ ಜಗ್ಗಲಿಗೆ ಇನ್ನೂ ದೊಡ್ಡದು. ಚಕ್ಕಡಿಯ ಗಾಲಿಗೆ ಎಮ್ಮೆ ತೊಗಲು ಬಿಗಿದದ್ದು, ಉರುಳಿಸಿಕೊಂಡೇ ಹೋಗಬೇಕು. ಅದಕ್ಕೆ ಯಾರೂ ಬಟ್ಟೆ ಹಚ್ಚುವುದಿಲ್ಲ. ಬಯಲಿನಲ್ಲಿ ದನಿ ಹೊರಗೆ ಹೋಗುತ್ತೆ, ತಿರುಗಿ ಬರುವುದಿಲ್ಲ. ನಿಮ್ಮ ಕೋಣೆಯಲ್ಲಿ ತಿರುಗಿ ಬರುತ್ತಿದೆ ಅಂತ ನನಗೆ ಅನಿಸುತ್ತೆ. ಒಂದು ಕೆಲಸ ಮಾಡಿ, ಸ್ನೇರ್ ತಂದು ಅಂಗಳದಲ್ಲಿಟ್ಟು ಬಾರಿಸಿ ನೋಡಿ.

ಮೈಕ್‌ಸೆಟ್_ದುರ್ಗದಬೈಲ್:

ಹಾವೇರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. 10 ಅಡಿಗೆ 12 ಅಡಿ, ಸಿಮೆಂಟು, ತಗಡು. ಆ ಕೋಣೆಯಲ್ಲಿ ಯಾವ ಡ್ರಮ್ ಇಟ್ಟರೂ ಅಳುತ್ತೆ. ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. 'ಟ್ರ್ರ್ರ್' ಅಂತ ನಡುಗುವ ದನಿ ಬಂದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಅಂತ ಅರ್ಥ. ಮನೆಯಲ್ಲಿ ಹಳೇ ಕೌದಿ ಇದ್ದೇ ಇರುತ್ತೆ. ಅಕ್ಕಪಕ್ಕದ ಎರಡು ಗೋಡೆಗೆ ಒಂದೊಂದು ತೂಗುಹಾಕಿ. ಗೋಡೆಗೆ ಅಂಟಿಸಿದ ಹಾಗೆ ಬೇಡ, ನಾಲ್ಕು ಬೆರಳು ಜಾಗ ಬಿಟ್ಟು ತೂಗಲಿ. ಕಿಟ್ ಕೆಳಗೆ ಒಂದು ಜಮಖಾನ.

ಇನ್ನೊಂದು ವಿಷಯ, ಇದು ಮುಖ್ಯ. ಸ್ಟೂಲ್ ಮೇಲೆ ಕೂತು ಕೇಳುವ ದನಿ ಬೇರೆ, ಹತ್ತು ಅಡಿ ದೂರದಲ್ಲಿ ಕೇಳುವುದು ಬೇರೆ. ನಿಮ್ಮ ಕಿವಿ ಸ್ನೇರಿನಿಂದ ಎರಡು ಅಡಿ ಮೇಲಿದೆ. ಅಲ್ಲಿ ಕೇಳುವ ಕೊಂಯ್‌ನಲ್ಲಿ ಅರ್ಧಕ್ಕರ್ಧ ಮುಂದಿನ ಸಾಲಿಗೂ ಹೋಗುವುದಿಲ್ಲ. ಗಿಟಾರ್, ಕೀಬೋರ್ಡ್, ಹಾಡು ಸೇರಿದರಂತೂ ಅದೇ ಕೊಂಯ್ ಸ್ನೇರಿಗೆ ಜೀವ ಕೊಡುತ್ತೆ. ಒಬ್ಬನೇ ಕೂತು ಕೇಳಿ ಟೇಪ್ ಹಚ್ಚುತ್ತಾ ಹೋದರೆ ಸ್ಟೇಜಿನಲ್ಲಿ ಕೇಳಿಸದೇ ಹೋಗುತ್ತೆ. ನಿಮಗೆ ಆದದ್ದು ಅದೇ ಅಲ್ವಾ?

ಹದಿನೆಂಟು ವರ್ಷದಿಂದ ಮೈಕ್‌ಸೆಟ್ ಕಟ್ಟುತ್ತಿದ್ದೇನೆ. ಜಾಸ್ತಿ ಕೊಂಯ್ ಅನ್ನುವ ಸ್ನೇರನ್ನು ಮಿಕ್ಸರಿನಲ್ಲಿ ಕಮ್ಮಿ ಮಾಡಬಹುದು. ಸತ್ತ ಸ್ನೇರಿಗೆ ಜೀವ ತುಂಬಲು ನನ್ನ ಹತ್ತಿರ ಯಾವ ಗುಂಡಿಯೂ ಇಲ್ಲ.

ಕೇಶ್ವಾಪುರ_ಡ್ರಮ್ಸ್:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ಭಾನುವಾರ ಪೂರ್ತಿ ಇದೇ ಕೆಲಸ.

ಟೇಪ್ ತೆಗೆದೆ. ಬಿಸಿಲಿಗೆ ಅಂಟು ಕರಗಿ ಹೆಡ್ಡಿಗೆ ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿ ಬಿಡಿಸಿದೆ. ಚಾದರದ ಮೇಲೆ ಇಟ್ಟು ಒಂದೊಂದೇ ಬೋಲ್ಟ್ ಮುಂದೆ ತಟ್ಟುತ್ತಾ ಬಂದೆ. ಟಿಂಗ್, ಟಿಂಗ್, ಟಿಂಗ್, ಆರನೆಯದಕ್ಕೆ ಬಂದಾಗ 'ಡುಬ್'. ಕೀ ಹಾಕಿ ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇದೆ, ಹಿಡಿಯುವುದೇ ಇಲ್ಲ. ಬಿಚ್ಚಿ ನೋಡಿದರೆ ಬೋಲ್ಟಿನ ಸುರುಳಿ ಗೆರೆ ಸವೆದು ನುಣ್ಣಗಾಗಿತ್ತು. ಹಿಂದೆ ಇಟ್ಟುಕೊಂಡಿದ್ದವರು ಅದಕ್ಕೆ ಒಂದು ಸುತ್ತು ದಾರ ಸುತ್ತಿ ಕೂರಿಸಿದ್ದರು! ಆರು ತಿಂಗಳು ನಾನು ಆ ಒಂದು ಬೋಲ್ಟಿನ ಮೇಲೆ ಟೇಪ್ ಹಚ್ಚುತ್ತಿದ್ದೆ.

ಟಾಮಿನಿಂದ ಅದೇ ಅಳತೆಯ ಒಂದು ಒಳ್ಳೇ ಬೋಲ್ಟ್ ತೆಗೆದು ಇಲ್ಲಿಗೆ ಹಾಕಿದೆ. ಸಮ ಮಾಡಲು ಒಂದೂವರೆ ಗಂಟೆ ಹಿಡಿಯಿತು. ಮೊದಲ ಅರ್ಧ ಗಂಟೆ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆಮೇಲೆ ತಾನಾಗಿಯೇ ಕೇಳಲು ಶುರುವಾಯಿತು. ಒಂದು ಬೋಲ್ಟ್ ಕಾಲು ಸುತ್ತು ತಿರುಗಿಸಿದ ಕೂಡಲೇ ಆ ಅಲೆ ಅಲೆಯಾಗಿ ಬರುತ್ತಿದ್ದ ಗುಂಯ್ ನಿಂತು ಒಂದೇ ಗೆರೆಯಾಯಿತು. ಮೈ ಜುಮ್ ಅಂತು.

ಆಮೇಲೆ ಅಂಗಳಕ್ಕೆ ತಂದು ಬಾರಿಸಿದೆ. ಅದೇ ಸ್ನೇರಾ ಇದು ಅಂತ ತಮ್ಮ ಕೇಳಿದ. ಹೊರಗೆ 'ಟ್ಯಾಕ್' ಅಂತ ಚೊಕ್ಕಟ. ಒಳಗೆ ತಂದರೆ ಇನ್ನೂ ಸ್ವಲ್ಪ ಕೊಂಯ್ ಇದೆ. ಈಗ ಮುಂದೇನು? ಕಿಕ್ಕಿಗೆ ಏನು ಮಾಡಲಿ? ತಂತಿ ಗಿರಗುಟ್ಟುವುದು ಅರ್ಧ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಗದಗ_ರೆಕಾರ್ಡಿಂಗ್:

ಆ 'ಒಂದೇ ಗೆರೆ' ಕೇಳಿಸಿತಲ್ಲ, ಅಷ್ಟು ಸಾಕು. ಇನ್ನು ಕಿವಿ ಮರೆಯುವುದಿಲ್ಲ.

ತಂತಿಯ ವಿಷಯ ಮೊದಲು. 12 ಇಂಚಿನ ಟಾಮಿನ ಸ್ವರ ಸ್ನೇರಿನ ಕೆಳ ಹೆಡ್ಡಿನ ಸ್ವರದ ಹತ್ತಿರ ಇದ್ದರೆ, ಇದು ಹಾಡಿದಾಗ ಅದೂ ಹಾಡುತ್ತೆ. ಟಾಮನ್ನು ಸ್ವಲ್ಪ ಮೇಲೆ ಅಥವಾ ಕೆಳಗೆ ಸರಿಸಿ. ಹಾಗೂ ಹೋಗದಿದ್ದರೆ ಕೆಳ ಹೆಡ್ಡಿನಲ್ಲಿ ತಂತಿಯ ಎರಡೂ ತುದಿಯ ಅಕ್ಕಪಕ್ಕ ಇರುವ ನಾಲ್ಕು ಬೋಲ್ಟನ್ನು ಒಂದಿಷ್ಟು ಸಡಿಲಿಸಿ. ಪೂರ್ತಿ ಹೋಗುವುದಿಲ್ಲ, ಹೋಗಲೂ ಬಾರದು. ತಂತಿ ಇರುವುದೇ ಗಿರಗುಟ್ಟಲು.

ಟಾಮಿಗೆ ಇನ್ನೊಂದು ಸೂತ್ರ. ಮೇಲಿನ ಹೆಡ್ಡೂ ಕೆಳಗಿನ ಹೆಡ್ಡೂ ಒಂದೇ ಸ್ವರದಲ್ಲಿದ್ದರೆ ದನಿ ಅತಿ ಉದ್ದಕ್ಕೆ ಎಳೆಯುತ್ತೆ. ಕೆಳಗಿನದನ್ನು ಸ್ವಲ್ಪ ಮೇಲೇರಿಸಿ, ಎಳೆತ ತಾನೇ ಮೊಟಕಾಗುತ್ತೆ. ಟೇಪ್ ಇಲ್ಲದೆ ಕೀಯಿಂದಲೇ ತಣಿಸಿದ ಹಾಗಾಯಿತು.

ಈಗ ಸ್ನೇರಿಗೆ ತಣಿಸುವುದು. ನಿಮಗೆ ಅಗ್ಗದ ದಾರಿ ಹೇಳುತ್ತೇನೆ. ಮನೆಯಲ್ಲಿ ಹಳೇ ಎಕ್ಸ್‌ರೇ ಫಿಲ್ಮ್ ಇದ್ದರೆ ತನ್ನಿ. ಅದು ಪಾಲಿಯೆಸ್ಟರ್. ಡ್ರಮ್ ಹೆಡ್ ಕೂಡ ಪಾಲಿಯೆಸ್ಟರೇ, ಮೈಲಾರ್ ಅಂತ ಕರೆಯುವುದು ಅದನ್ನೇ. ಒಳಅಳತೆಗೆ ಸರಿಯಾಗಿ ದುಂಡಗೆ ಕತ್ತರಿಸಿ, ಒಂದು ಇಂಚು ಅಗಲದ ಬಳೆ ಮಾಡಿ. ದೊಡ್ಡ ಫಿಲ್ಮ್ ಸಿಗದಿದ್ದರೆ ಎರಡು ಅರ್ಧ ಬಳೆ ಮಾಡಿ ಜೋಡಿಸಿ. ಸುಮ್ಮನೆ ಹೆಡ್ ಮೇಲೆ ಇಟ್ಟರೆ ಸಾಕು, ಅಂಟಿಸಬೇಡಿ. ಅಂಚಿನಲ್ಲಿ ಮಾತ್ರ ಕೂರುತ್ತೆ, ಮೈ ಹಾಗೇ ಉಳಿಯುತ್ತೆ. ಜಾಸ್ತಿ ಅನಿಸಿದರೆ ಬಳೆಯ ಅಗಲ ಅರ್ಧ ಇಂಚಿಗೆ ಇಳಿಸಿ.

ಇಲ್ಲದಿದ್ದರೆ ಟಿಶ್ಯೂ ಕಾಗದವನ್ನು ಎರಡು ಬೆರಳು ಅಗಲ ಮಡಚಿ, ಒಂದು ಅಂಚಿಗೆ ಮಾತ್ರ ಟೇಪ್ ಹಚ್ಚಿ, ಬಾಗಿಲಿನ ಕೀಲಿನ ಹಾಗೆ ಬಿಡಿ. ಏಟು ಬಿದ್ದಾಗ ಅದು ಹಾರುತ್ತೆ, ಆ ಕ್ಷಣ ಹೆಡ್ ಪೂರ್ತಿ ಬಿಚ್ಚಿ ಹಾಡುತ್ತೆ. ಕೂಡಲೇ ಬಿದ್ದು ಬಾಲವನ್ನು ಹಿಡಿಯುತ್ತೆ. ಏಟಿನ ಜೋರು ಹಾಗೇ ಇರುತ್ತೆ, ಎಳೆತ ಮಾತ್ರ ಹೋಗುತ್ತೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇದೇ.

ಮೈಕ್‌ಸೆಟ್_ದುರ್ಗದಬೈಲ್:

ಕಿಕ್ಕಿಗೆ ನಾನು ಹೇಳುತ್ತೇನೆ. ಒಳಗೆ ಇಡೀ ದಿಂಬು ತುರುಕಬೇಡಿ. ತುಂಬಾ ಜನ ಹಾಗೆ ಮಾಡುತ್ತಾರೆ, ಆಮೇಲೆ 'ಬೇಸ್ ಕೊಡಿ ಅಣ್ಣಾ' ಅಂತ ನನ್ನನ್ನು ಕೇಳುತ್ತಾರೆ. ಬೇಸ್ ಒಳಗೇ ಉಸಿರುಗಟ್ಟಿ ಕೂತಿರುತ್ತೆ. ಒಂದು ಸಣ್ಣ ಕೌದಿ, ಮಗುವಿನದ್ದಾದರೂ ಆದೀತು, ನಾಲ್ಕು ಮಡಿಕೆ ಮಾಡಿ ಕೆಳಗೆ ಇಡಿ. ಪೆಡಲ್ ಹೊಡೆಯುವ ಹೆಡ್ಡಿಗೆ ಮೂರು ನಾಲ್ಕು ಬೆರಳು ತಾಗಲಿ, ಮುಂದಿನ ಹೆಡ್ಡಿಗೆ ಬರೀ ಸೋಕಲಿ. ಕುರಿ ಕಂಬಳಿ ಇದ್ದರೆ ಇನ್ನೂ ಒಳ್ಳೇದು. ಉಣ್ಣೆ ಚೂಪು ದನಿ ಕುಡಿಯುತ್ತೆ, ಕೆಳಗಿನ 'ಧಮ್' ಬಿಡುತ್ತೆ. ಮುಂದಿನ ಹೆಡ್ಡಿಗೆ ತೂತು ಇದ್ದರೆ ನಾಲ್ಕೈದು ಇಂಚು ಸಾಕು, ಅದೂ ನಡುವೆ ಬೇಡ, ಬದಿಗಿರಲಿ.

16 ಇಂಚಿನ ಟಾಮ್ ತುಂಬಾ ಗುಂಯ್ ಅಂದರೆ ಮೇಲಿನ ಹೆಡ್ ಬಿಚ್ಚಿ ಒಳಗೆ ಆರೇಳು ಹತ್ತಿ ಉಂಡೆ ಹಾಕಿ. ನಿಂಬೆಹಣ್ಣಿನ ಗಾತ್ರ ಸಾಕು. ಟಿಶ್ಯೂ ಹಾಗೇ ಇದೂ, ಏಟಿಗೆ ಎದ್ದು ಮತ್ತೆ ಕೆಳ ಹೆಡ್ಡಿನ ಮೇಲೆ ಕೂರುತ್ತೆ. ಹತ್ತಿಗೆ ನಮ್ಮ ಕಡೆ ಬರವಿಲ್ಲವಲ್ಲ.

ಧಾರವಾಡ_ಬ್ಯಾಂಡ್:

ಇಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ. ಎರಡು ಪದರದ ಹೆಡ್ ಹಾಕಿದರೆ ಮುಗೀತು. ನಾನು ಟಾಮ್‌ಗಳಿಗೆ ರೆಮೋ ಕಂಪನಿಯ ಪಿನ್‌ಸ್ಟ್ರೈಪ್ ಹಾಕಿದ್ದೇನೆ. 7 ಮಿಲ್‌ನ ಎರಡು ಹಾಳೆ, ಅಂಚಿನಲ್ಲಿ ನಡುವೆ ಒಂದು ಅಂಟು. ತಣಿಸುವ ಕೆಲಸ ಹೆಡ್ಡೇ ಮಾಡುತ್ತೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಡ್ರಮ್ ಮೇಲೆ ಟವೆಲ್ ಹೊದಿಸಿಯೇ ಎಷ್ಟೋ ಹಾಡು ರೆಕಾರ್ಡ್ ಮಾಡಿದರು. ಯಾರಿಗೂ ಕೊರತೆ ಅನಿಸಲಿಲ್ಲ. ಸತ್ತ ದನಿಯೂ ಒಂದು ದನಿಯೇ.

ಗದಗ_ರೆಕಾರ್ಡಿಂಗ್:

ಒಪ್ಪುತ್ತೇನೆ. ಟವೆಲ್ ದನಿ ಬೇಕು ಅಂತ ತಿಳಿದು ಹೊದಿಸಿದರೆ ಅದು ಒಳ್ಳೇ ದನಿಯೇ. ನನ್ನ ಕೋಣೆಯಲ್ಲೂ ನಿಧಾನದ ಹಾಡಿಗೆ ಟಾಮಿನ ಮೇಲೆ ಟವೆಲ್ ಹಾಸುತ್ತೇನೆ. ಆದರೆ ಅಲ್ಲಿ ಮೈಕು ಹೆಡ್ಡಿನಿಂದ ಎರಡು ಬೆರಳು ದೂರದಲ್ಲಿರುತ್ತೆ, ಟವೆಲ್ ಕೆಳಗಿನ ಡ್ರಮ್ ಮೊದಲೇ ಸಮ ಇರುತ್ತೆ. ಮದುವೆ ಮಂಟಪದಲ್ಲಿ ಆರು ನೂರು ಜನರ ಗಲಾಟೆ ನಡುವೆ ಅದು ನಡೆಯುವುದಿಲ್ಲ.

ಪಿನ್‌ಸ್ಟ್ರೈಪ್ ಟಾಮಿಗೆ ಚೆನ್ನ. ಸ್ನೇರಿಗೆ ನಾನಾದರೆ 10 ಮಿಲ್‌ನ ಒಂದೇ ಪದರ, ಮೇಲೆ ಬಿಳಿ ಲೇಪ ಇರುವುದನ್ನು ಹಾಕುತ್ತೇನೆ. ಆ ಲೇಪವೂ ಸ್ವಲ್ಪ ತಣಿಸುತ್ತೆ. ಹೆಡ್ ದಪ್ಪವಾದಷ್ಟೂ ಮೆಲ್ಲಗೆ ನುಡಿಸಿದಾಗ ಮಾತಾಡುವುದಿಲ್ಲ. ಒಮ್ಮೆ ಹಾಕಿದ ದಪ್ಪ ಹೆಡ್ಡನ್ನು ಸಭೆ ನೋಡಿ ತೆಳು ಮಾಡಲು ಬರುವುದಿಲ್ಲ, ಬಳೆಯಾದರೆ ಎತ್ತಿಡಬಹುದು.

ಅಂದ ಹಾಗೆ, ಡ್ರಮ್ಸಿಗೂ ಮೊದಲು ತೊಗಲೇ ಇತ್ತು. ರೆಮೋ ಕಂಪನಿ ಶುರುವಾದದ್ದು 1957ರಲ್ಲಿ. ಪ್ಲಾಸ್ಟಿಕ್ ಹೆಡ್ ಮನೆಮಾತಾದದ್ದು ಆ ಕಾಲದಿಂದ. ಮಳೆಯ ಕಾಟ ತಪ್ಪಿತು, ಬದಲಿಗೆ ಈ ಕೊಂಯ್ ಬಂತು. ಹಾವೇರಿಯವರು ಹೇಳಿದ್ದು ಅದನ್ನೇ.

ನವನಗರ_ಹೊಸಬ:

ನನ್ನದು ಬೇರೆ ಕಷ್ಟ. ಪಕ್ಕದ ಮನೆಯವರು ದಿನಾ ಬೈಯುತ್ತಾರೆ. ಬಳೆ, ಜೆಲ್ ಹಾಕಿದರೆ ಅವರಿಗೆ ಕೇಳುವುದು ಕಮ್ಮಿ ಆಗುತ್ತಾ?

ಮೈಕ್‌ಸೆಟ್_ದುರ್ಗದಬೈಲ್:

ಇಲ್ಲ. ಅದು ಬಾಲ ಕತ್ತರಿಸುತ್ತೆ, ಏಟಿನ ಸದ್ದು ಹಾಗೇ ಇರುತ್ತೆ. ನೆರೆಯವರಿಗಾಗಿ ಅಂದರೆ ಇಡೀ ಹೆಡ್ ಮುಚ್ಚುವ ರಬ್ಬರ್ ಪ್ಯಾಡ್ ಅಥವಾ ಜಾಲರಿ ಹೆಡ್ ಬೇಕು. ಅದು ಅಭ್ಯಾಸಕ್ಕೆ ಮಾತ್ರ. ಸಂಜೆ ಹೊತ್ತು ಗೊತ್ತು ಮಾಡಿಕೊಂಡು ಅವರ ಹತ್ತಿರ ಮೊದಲೇ ಮಾತಾಡಿ.

ಹಾವೇರಿ_ಡೊಳ್ಳು:

ಕೇಶ್ವಾಪುರದವರೇ, ಕೈಯ ವಿಷಯ ಮರೆಯಬೇಡಿ. ಕೋಲು ಹೆಡ್ಡಿನ ಮೇಲೆ ಎಲ್ಲಿ ಬೀಳುತ್ತೆ ನೋಡಿಕೊಳ್ಳಿ. ನಮ್ಮ ತಂಡಕ್ಕೆ ಬರುವ ಹೊಸ ಹುಡುಗರ ಕೋಲು ಒಂದು ಸಲ ನಡುವೆ, ಒಂದು ಸಲ ಅಂಚಿಗೆ ಬೀಳುತ್ತೆ. ಒಂದೊಂದು ಏಟಿಗೂ ಒಂದೊಂದು ದನಿ. ಸುಣ್ಣದಿಂದ ಸಣ್ಣ ದುಂಡು ಬರೆದು ಕೊಡುತ್ತೇವೆ, ಕೋಲು ಅದರೊಳಗೇ ಬೀಳಬೇಕು ಅಂತ. ಹದಿನೈದು ದಿನದಲ್ಲಿ ಗುಂಯ್ ಅರ್ಧ ಕಮ್ಮಿಯಾಗುತ್ತೆ, ಡೊಳ್ಳು ಮುಟ್ಟದೆಯೇ.

ಧಾರವಾಡ_ತಬಲಾ:

ಇದು ಬಂಗಾರದಂಥ ಮಾತು. ನಟ್ಟನಡುವೆ ಬಿದ್ದ ಏಟು ಮೂಲ ಸ್ವರವನ್ನೇ ಜಾಸ್ತಿ ಎಬ್ಬಿಸುತ್ತೆ. ಆ ಸ್ವರ ತನ್ನ ಬಲವನ್ನೆಲ್ಲ ಗಾಳಿಗೆ ಕೊಟ್ಟು ಬೇಗ ಮುಗಿಯುತ್ತೆ, 'ಧಪ್' ಅಂತ. ಅಂಚಿನ ಕಡೆ ಬಿದ್ದರೆ ಬೇರೆ ಕಂಪನಗಳು ಏಳುತ್ತವೆ. ಅವು ಗಾಳಿಗೆ ಬೇಗ ಕೊಡುವುದಿಲ್ಲ, ಹೆಡ್ಡಿನಲ್ಲೇ ಸುತ್ತುತ್ತಾ ಎಳೆಯುತ್ತವೆ. ಕೊಂಯ್ ಬೇಕಾದಾಗ ಅಂಚಿಗೆ ಹೋಗಿ, ಬೇಡವಾದಾಗ ನಡುವೆ ಬನ್ನಿ.

ಕೇಶ್ವಾಪುರ_ಡ್ರಮ್ಸ್:

ನಿನ್ನೆ ಕಾರ್ಯಕ್ರಮ ಮುಗಿಯಿತು. ಈಗಷ್ಟೇ ಎದ್ದು ಬರೆಯುತ್ತಿದ್ದೇನೆ.

ಅಪ್ಪನ ಹಳೇ ಎದೆ ಎಕ್ಸ್‌ರೇಯಿಂದ ಬಳೆ ಮಾಡಿದೆ. ಮೊದಲು ಒಂದು ಇಂಚು, ಆಮೇಲೆ ಅರ್ಧ ಇಂಚು. ಕಿಕ್ಕಿಗೆ ಅಜ್ಜಿ ಹೊಲಿದ ಕೌದಿ. ಕೊಡಲು ಅಜ್ಜಿಗೆ ಮನಸ್ಸಿರಲಿಲ್ಲ. ಒಮ್ಮೆ ಕೂರಿಸಿ ಕೇಳಿಸಿದೆ, ಆಮೇಲೆ ಒಪ್ಪಿದಳು. ಬೆಳಗಿನ ಜಾವ ಕಿಟ್ ಕಟ್ಟುವಾಗ ಮಂಟಪ ಖಾಲಿ. ಗ್ರಾನೈಟ್ ನೆಲ, ಎತ್ತರದ ಛಾವಣಿ. ಒಂದು ಏಟು ಹಾಕಿದರೆ ಮೂರು ಸಲ ತಿರುಗಿ ಬರುತ್ತಿತ್ತು. ಹೆದರಿ ಬಳೆಯ ಮೇಲೆ ಟಿಶ್ಯೂ ಕೂಡ ಹಚ್ಚಿದೆ. ಅಲ್ಲಿನ ಮೈಕ್‌ಸೆಟ್ಟಿನವರು ಬೇಡ ಅಂದರು, ಜನ ಬಂದ ಮೇಲೆ ನೋಡೋಣ ಅಂದರು. ನಾನು ತೆಗೆಯಲಿಲ್ಲ.

ಸಂಜೆ ಏಳಕ್ಕೆ ಮಂಟಪ ತುಂಬಿತು. ಮೊದಲ ಹಾಡಿನ ಎರಡನೇ ಸಾಲಿಗೇ ಗೊತ್ತಾಯಿತು. ಸೀರೆ, ಶಾಲು, ಅಷ್ಟು ಜನ ಎಲ್ಲ ಸೇರಿ ದನಿಯನ್ನು ಕುಡಿಯುತ್ತಿದ್ದರು. ಸ್ನೇರ್ ಮತ್ತೆ ರಟ್ಟಿನ ಡಬ್ಬಿ. ಹಾಡು ಮುಗಿದ ಕೂಡಲೇ ಟಿಶ್ಯೂ ಕಿತ್ತೆ. ಎರಡನೇ ಹಾಡು ಮುಗಿದ ಮೇಲೆ ಬಳೆಯನ್ನೂ ಎತ್ತಿ ಸ್ಟೂಲ್ ಕೆಳಗೆ ಇಟ್ಟೆ. ಮೂರನೇ ಹಾಡಿಗೆ ಬರಿ ಹೆಡ್. ಮೊದಲ ಏಟಿಗೆ ಗಿಟಾರಿನವನು ತಿರುಗಿ ನೋಡಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮ ಆಮೇಲೆ ಹೇಳಿದ, ಅಲ್ಲಿಂದ ಸ್ನೇರ್ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿತಂತೆ.

ಮೈಕ್‌ಸೆಟ್_ದುರ್ಗದಬೈಲ್:

ತುಂಬಾ ಖುಷಿಯಾಯಿತು. ಟಾಮ್‌ಗಳಿಗೆ ಏನಾದರೂ ಇಟ್ಟಿರಾ?

ಕೇಶ್ವಾಪುರ_ಡ್ರಮ್ಸ್:

12, 13ಕ್ಕೆ ಏನೂ ಇಲ್ಲ, ಕೆಳ ಹೆಡ್ ಸ್ವಲ್ಪ ಮೇಲೇರಿಸಿದ್ದೆ ಅಷ್ಟೇ. 16ಕ್ಕೆ ಆರು ಹತ್ತಿ ಉಂಡೆ ಹಾಕಿದ್ದೆ. ಇವತ್ತು ಬೆಳಿಗ್ಗೆ ಬಿಚ್ಚಿ ಎರಡು ತೆಗೆದೆ. ನಾಲ್ಕಕ್ಕೆ ಚೆನ್ನಾಗಿದೆ.